ಸಾಕ್ಷಿ ಹೇಳಿದ ಕಾಲು

ಸೋಮವಾರ ಸರ್ಕಾರಿ ಕೃತಕ ಕಾಲುಗಳ ತಪಾಸಣೆ. ತನ್ನ ಪಾಳಿ ಬಂದಾಗ ಫಕೀರವ್ವ ಮೊಣಕಾಲಿನ ಪಟ್ಟಿ ಬಿಚ್ಚಿ, ಕಾಲನ್ನು ಸಾಹೇಬರ ಮೇಜಿನ ಮೇಲೆ ಮಲಗಿಸಿದಳು. ಅದಿನ್ನೂ ಬೆಚ್ಚಗಿತ್ತು. ದುಡಿಯಲಾಗದವರಿಗಷ್ಟೇ ಸರ್ಕಾರ ಕಾಲು ಕೊಡುತ್ತಿತ್ತು. ಸ್ವಂತ ಉದ್ಯೋಗ ಹಿಡಿದರೆ ಅದು ವಾಪಸು.

“ಏನರ ಕೆಲಸ ಮಾಡ್ತೀಯೇನವಾ?” ಸಾಹೇಬರು ಕೇಳಿದರು.

“ಇಲ್ರೀ ಸಾಹೇಬ್ರ. ಒಂದ ಕೊಡ ನೀರ ತರ್ತೀನ್ರಿ, ಅಷ್ಟ.”

ಮೂರು ತಿಂಗಳಿಂದ ಅವಳು ರೊಟ್ಟಿ ಬಡಿದು, ಬುಟ್ಟಿ ಹೊತ್ತು, ಯಾರೂ ಗುರುತಿಸದ ದೂರದ ಓಣಿಯಲ್ಲಿ ಮಾರಿ ಬರುತ್ತಿದ್ದಳು. ಆ ಕಾಲಿಲ್ಲದಿದ್ದರೆ ಬುಟ್ಟಿ ಹೊಸ್ತಿಲೂ ದಾಟುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುವಾಗೆಲ್ಲ ಚಾಚಿಕೊಂಡಿದ್ದ ಕಾಲು ಹಿಮ್ಮಡಿಯಿಂದ ನೆಲಕ್ಕೆ ತಾಳ ಹಾಕುತ್ತಿದ್ದುದನ್ನು ಅವಳು ಗಮನಿಸಿರಲಿಲ್ಲ.

ಮೇಜಿನ ಮೇಲಿದ್ದ ಕಾಲು ಹಿಮ್ಮಡಿ ಎತ್ತಿತು. ತಟ್, ತಟ್, ತಟ್. ರೊಟ್ಟಿ ತಿರುವುವಷ್ಟು ಹೊತ್ತು ತಡೆಯಿತು. ಮತ್ತೆ ತಟ್, ತಟ್.

“ಜೋಳದ ರೊಟ್ಟಿ,” ಎಂದರು ಸಾಹೇಬರು, ಸಿಟ್ಟಿಲ್ಲದೆ. “ನಮ್ಮವ್ವನೂ ಹಿಂಗ ಬಡೀತಿದ್ಲು.” ಕಾಲಿಗೆ ಚೀಟಿ ಕಟ್ಟಿ, ಹಿಂದಿನ ಕಪಾಟು ತೆರೆದರು.

ಒಳಗೆ ವಾಪಸು ಬಂದ ಕಾಲುಗಳು ಸಾಲಾಗಿ ನಿಂತಿದ್ದವು. ಒಂದು, ಇಲ್ಲದ ಹೊಲಿಗೆ ಯಂತ್ರವನ್ನು ತುಳಿಯುತ್ತಿತ್ತು. ಇನ್ನೊಂದು ಮಗ್ಗ, ಮತ್ತೊಂದು ಚಾಕು ಸಾಣೆಯ ಚಕ್ರ. ಕೆಲಸ ಎಂದೋ ನಿಂತುಹೋಗಿದೆಯೆಂದು ಅವಕ್ಕೆ ಯಾರೂ ಹೇಳಿರಲಿಲ್ಲ.

ಫಕೀರವ್ವನ ಕಾಲು ಅವುಗಳ ನಡುವೆ ಜಾಗ ಮಾಡಿಕೊಂಡು, ಎರಡನೇ ರೊಟ್ಟಿ ಶುರು ಮಾಡಿತು.