ಸೊಪ್ಪಿಗಿಂತ ಮೊದಲು ರೊಟ್ಟಿ

ಅಮ್ಮ ತೀರಿಕೊಂಡು ಮೂರು ತಿಂಗಳಾಯಿತು. ಇವತ್ತು ಬಸ್ಸಿನಲ್ಲಿ ಯಾರದೋ ಮೂಟೆಯಿಂದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದು ಆ ಬೆಳಿಗ್ಗೆ ನೆನಪಾಯಿತು.

ಆಗ ನಾನು ಹತ್ತನೇ ತರಗತಿ. ಮೇಲೂರಿನ ನಮ್ಮ ಮನೆಯಲ್ಲಿ ಮೊದಲು ರೇಷ್ಮೆಹುಳಕ್ಕೆ ಸೊಪ್ಪು, ಆಮೇಲೆ ನಮಗೆ ತಿಂಡಿ. ಅಷ್ಟರಲ್ಲಿ ಶಿಡ್ಲಘಟ್ಟದ ಬಸ್ಸು ಬರುತ್ತಿತ್ತು. ನಾನು ಖಾಲಿ ಹೊಟ್ಟೆಯಲ್ಲೇ ಓಡುತ್ತಿದ್ದೆ. ಹಿಂದಿನ ದಿನ ಗಣಿತದ ಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಬಿಟ್ಟು ಬಂದಿದ್ದೆ.

"ಲೆಕ್ಕ ಬರ್ಲಿಲ್ವೇನಮ್ಮ?" ಎಂದು ಅಮ್ಮ ಅವತ್ತು ರಾತ್ರಿ ಕೇಳಿದಳು.

"ಬರ್ತಿತ್ತಮ್ಮ. ತಲೆ ಸುತ್ತಿಬಿಡ್ತು."

ಮರುದಿನ ಬೆಳಿಗ್ಗೆ ನನಗೆ ವಿಜ್ಞಾನದ ಪರೀಕ್ಷೆ. ಗೂಡು ಕಟ್ಟಲು ಇನ್ನೆರಡೇ ದಿನವಿದ್ದ ಹುಳಗಳು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಅಮ್ಮ ಸೊಪ್ಪಿನ ಬುಟ್ಟಿಯನ್ನು ಬಾಗಿಲಲ್ಲೇ ಇಳಿಸಿ, ಒಲೆಯ ಮೇಲೆ ಹೆಂಚಿಟ್ಟಳು.

"ಅಮ್ಮಾ, ಹುಳ ಕಾಯ್ತಾವೆ!" ಎಂದೆ.

"ಕಾಯ್ಲಿ ಬಿಡು. ಅವೇನು ಪರೀಕ್ಷೆ ಬರೀಬೇಕಾ? ಕೂತ್ಕೊಂಡು ತಿನ್ನಮ್ಮ."

ಅವಳ ಅಂಗೈಯ ಸೊಪ್ಪಿನ ವಾಸನೆ ರಾಗಿರೊಟ್ಟಿಗೂ ಹತ್ತಿತ್ತು. ಎರಡು ತಿಂದೆ. ತಟ್ಟೆ ಖಾಲಿಯಾದ ಮೇಲೆಯೇ ಅವಳು ಬುಟ್ಟಿ ಎತ್ತಿಕೊಂಡಳು. ನಾನು ಹೊಸ್ತಿಲು ದಾಟುವಾಗ, ಹುಳಗಳು ಸೊಪ್ಪು ತಿನ್ನುವ ತುಂತುರು ಮಳೆಯಂಥ ಸದ್ದು ಒಳಗಿನಿಂದ ಕೇಳಿಸಿತು.

ಅವತ್ತು ಕೊನೆಯ ಪ್ರಶ್ನೆಯವರೆಗೂ ಬರೆದೆ. ಪೆನ್ನು ಹಿಡಿದ ಬೆರಳಲ್ಲಿ ಅದೇ ಸೊಪ್ಪಿನ ವಾಸನೆ ಇತ್ತು.