ಡಬ್ಬಿಯ ತಳದ ತಿಳಿಸಾರು

ಪ್ರಯೋಗಾಲಯದ ಕಂಪ್ಯೂಟರ್ ಪರದೆಯ ಮೇಲೆ ಮಟ್ಟಸವಾಗಿ ಬರುತ್ತಿದ್ದ ಗೆರೆ, ಸೀಸ ಇದ್ದರೆ ಎಲ್ಲಿ ಏಳಬೇಕೋ ಅಲ್ಲೇ ಗೋಪುರದಂತೆ ಎದ್ದು ನಿಂತಿತು. ವನಮಾಲಾ ಎಲೆಕ್ಟ್ರೋಡನ್ನು ಹೊರತೆಗೆದು ತೊಳೆದಳು. ಸೀಸವೆಂಬ ವಿಷ ಒಂದು ಕಣವಿದ್ದರೂ ಹಿಡಿಯಲೆಂದು ಅವಳೇ ಲೇಪ ಹಚ್ಚಿ ಮಾಡಿದ ಎಲೆಕ್ಟ್ರೋಡ್ ಅದು. ಸೀಸವಿಲ್ಲದ ಕಡೆ ಅದು ಸುಳ್ಳು ಹೇಳುವುದಿಲ್ಲ ಎಂದು ತೋರಿಸಲು ಶುದ್ಧವಾದದ್ದೇನಾದರೂ ಬೇಕಿತ್ತು. ಮನೆಯ ತಿಳಿಸಾರಿಗಿಂತ ಶುದ್ಧವಾದದ್ದು ಯಾವುದಿದೆ ಎಂದುಕೊಂಡು, ಊಟದ ಡಬ್ಬಿಯ ತಳದಲ್ಲಿ ಉಳಿದದ್ದನ್ನೇ ಆಮ್ಲ ಹಾಕಿ ಕಾಯಿಸಿ, ಅದರಲ್ಲೇ ಎಲೆಕ್ಟ್ರೋಡ್ ಅದ್ದಿದ್ದಳು.

ಹೊಸದಾಗಿ ಲೇಪ ಹಚ್ಚಿ ಮತ್ತೆ ಅಳೆದಳು. ಬರಿಯ ಆಮ್ಲಕ್ಕೆ ಗೆರೆ ಮಲಗಿಯೇ ಇತ್ತು, ಸಾರಿಗೆ ಎದ್ದಿತು. ಮೂರು ವರ್ಷ ‘ಏಳು, ಏಳು’ ಎಂದು ಬೇಡಿಕೊಂಡಿದ್ದ ಗೆರೆಯನ್ನು ಈಗ ‘ಮಲಗು’ ಎಂದು ಬೇಡಿಕೊಂಡಳು.

ಮೊಬೈಲ್ ಹೊಡೆದುಕೊಂಡಿತು. ಬೆಸೆಂಟ್ ನಗರದ ಮನೆಯಿಂದ ಅತ್ತೆ ಪ್ರೇಮಮ್ಮ.

“ಊಟ ಆಯ್ತೇನಮ್ಮ? ಸಾರು ಕುಡಿದ್ಯಾ?”

“ಅತ್ತೆ, ಸಾರು ಯಾವುದ್ರಲ್ಲಿ ಮಾಡ್ತೀರ?”

“ಇನ್ಯಾವುದ್ರಲ್ಲಿ? ನೀನು ಮೊದಲನೇ ಸಲ ಬಸುರಿಯಾದಾಗ ಅಪ್ಪಟ ತವರ ಅಂತ ಪಾತ್ರೆಯವನ ಹತ್ರ ಅಗ್ಗಕ್ಕೆ ತಗೊಂಡ್ನಲ್ಲ, ಅದೇ ಈಯದ ಚೊಂಬಲ್ಲಿ. ಅದ್ರಲ್ಲಿ ಮಾಡಿದ್ರೆ ಘಮ್ ಅನ್ನುತ್ತೆ, ನಿನ್ನ ಬಾಯಿಗೂ ಸೇರುತ್ತೆ. ಎರಡು ಕೂಸು ಕೈಗೆ ಬರದೆ ಹೋದ್ವು. ಇದಕ್ಕೆ ಐದು ತಿಂಗಳು ತುಂಬ್ತು, ಇದನ್ನ ಮಾತ್ರ ನಾನು ಕಳ್ಕೊಳಲ್ಲ. ಕುಡಿದ್ಯೋ ಇಲ್ವೋ?”

ಪರದೆಯ ಮೇಲೆ ಗೆರೆ ಹಾಗೇ ನಿಂತಿತ್ತು.

“ಕುಡಿದೆ ಅತ್ತೆ,” ಎಂದಳು ವನಮಾಲಾ. “ದಿನಾ ಕುಡೀತೀನಿ.”