ಅಕ್ಕಿ ಆರಿತು

“ಅಕ್ಕಿ ಆರಿತಂತೆ!” ಕನ್ನಡ ಕಲಿಸುವ ಇಂದುಮತಿ, ಯುಸ್ರಾ ಬರೆದ ಕಾಗದ ಎತ್ತಿ ತೋರಿಸಿದರು. “ಏನಮ್ಮಾ, ತೊಳೆದು ಬಿಸಿಲಿಗೆ ಇಟ್ಟಿದ್ರಾ ನಿಮ್ಮನೇಲಿ?”

ಅವರು ಬರೆಸಿದ್ದು ಪುಸ್ತಕದಲ್ಲಿದ್ದ ‘ಹಕ್ಕಿ ಹಾರಿತು’. ಅಮೆರಿಕದ ಕ್ಯಾಂಟನ್ ಊರಿನ ಲೈಬ್ರರಿಯ ಕೋಣೆಯಲ್ಲಿ ಭಾನುವಾರದ ಕನ್ನಡ ಕ್ಲಾಸು ಆಗಷ್ಟೇ ಮುಗಿದಿತ್ತು. ಇವತ್ತಿನ ಉಕ್ತಲೇಖನ ಸರಿಹೋದರೆ ಒಂಬತ್ತು ವರ್ಷದ ಯುಸ್ರಾಗೆ ಮೇಲಿನ ಕ್ಲಾಸು. ಇಲ್ಲವಾದರೆ ಈ ವರ್ಷವೂ ಪುಟಾಣಿಗಳ ಜೊತೆ, ಮೊಣಕಾಲು ಮೇಜಿಗೆ ತಾಗಿಸಿಕೊಂಡು ಕೂರಬೇಕು.

“ಮಿಸ್, ಇವಳಿಗೆ ಡಿಸ್ಲೆಕ್ಸಿಯಾ ಇದೆ ಅಂತ ಸ್ಕೂಲಲ್ಲಿ ಹೇಳಿದಾರೆ,” ಎಂದಳು ತಾಯಿ ಫಹಮೀದಾ. “ಓದೋದು, ಬರೆಯೋದು ಸ್ವಲ್ಪ ನಿಧಾನ.”

“ಅದೆಲ್ಲ ಇಂಗ್ಲಿಷಿನ ಕಾಯಿಲೆ ಕಣ್ರೀ. ನಮ್ಮ ಕನ್ನಡದಲ್ಲಿ ಕಿವಿಗೆ ಏನು ಬೀಳತ್ತೋ ಅದನ್ನೇ ಬರೆಯೋದು. ಇವಳು ಕಿವಿಗೊಡಲ್ಲ, ಅಷ್ಟೇ.”

ಫಹಮೀದಾ ಫೋನ್ ತೆಗೆದಳು. ಬರೆಯುವಾಗ ಪದವನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು, ಆಮೇಲೆ ತನ್ನ ದನಿಯನ್ನು ತಾನೇ ಕೇಳಿ ತಪ್ಪು ಹುಡುಕಬೇಕು ಅಂತ ಸ್ಕೂಲಿನ ಟೀಚರ್ ಹೇಳಿಕೊಟ್ಟಿದ್ದರು. ಹಾಗಾಗಿ ಇವತ್ತಿನದೂ ರೆಕಾರ್ಡ್ ಆಗಿತ್ತು.

“ಕೇಳಿಸಿ, ಕೇಳಿಸಿ. ತನ್ನ ತಪ್ಪು ತನಗೇ ಗೊತ್ತಾಗಲಿ,” ಎಂದರು ಇಂದುಮತಿ.

ಫೋನಿನಿಂದ ಮೊದಲು ಒಂದು ತುಂಬುದನಿ ಬಂತು: “ಅಸು ಆಲು ಕೊಟ್ಟಿತು. ಅಕ್ಕಿ ಆರಿತು.” ಅದರ ಹಿಂದೆಯೇ ಯುಸ್ರಾಳ ಎಳೆದನಿ, ಅಕ್ಷರ ಅಕ್ಷರ ಬಿಡಿಸಿಕೊಂಡು: “ಅ... ಕ್ಕಿ... ಆ... ರಿ... ತು.”

ಇಂದುಮತಿಯ ಹುಬ್ಬು ಗಂಟಿಕ್ಕಿತು. “ತಾಳಿ, ಮೊದಲು ಮಾತಾಡಿದ್ದು ಯಾರ್ರೀ? ನಿಮ್ಮ ಕಡೆಯವರಾ? ಇಂಥೋರು ಪಾಠ ಮಾಡಿದ್ರೆ ಮಗು ಇನ್ನೇನು ಬರೆದೀತು, ಪಾಪ!”

ಫಹಮೀದಾ ಫೋನನ್ನು ಅವರತ್ತ ಚಾಚಿದಳು.

“ದಟ್ಸ್ ಯೂ, ಆಂಟಿ,” ಎಂದಳು ಯುಸ್ರಾ.

ಇಂದುಮತಿ ಫೋನ್ ಇಸಿದುಕೊಂಡು ಕಿವಿಗೆ ಒತ್ತಿ ಮತ್ತೆ ಕೇಳಿದರು. ಆಮೇಲೆ ಪುಸ್ತಕ ನೋಡಿದರು. “ಅ... ಕ್ಕಿ,” ಎಂದು ಓದಿ, ಅಲ್ಲೇ ತಡೆದು ಮತ್ತೆ “ಅಕ್ಕಿ” ಎಂದರು. ಓದಲು ಬಾರದೆ ಎಲ್ಲರೆದುರು ನಿಲ್ಲುವುದು ಹೇಗಿರುತ್ತದೆಂದು ಆ ಕೋಣೆಯಲ್ಲಿ ಬಲ್ಲವಳು ಯುಸ್ರಾ ಒಬ್ಬಳೇ. ಅವಳು ಎದ್ದು ಹತ್ತಿರ ಬಂದು, ತನ್ನ ಬಾಯಿಯ ಮುಂದೆ ಅಂಗೈ ಹಿಡಿದು ತೋರಿಸಿದಳು. “ಇಟ್ಸ್ ಓಕೆ, ಆಂಟಿ. ಡೂ ಲೈಕ್ ದಿಸ್. ‘ಹ’. ಕೈಗೆ ಗಾಳಿ ಬರಬೇಕು.”

ಇಂದುಮತಿಯೂ ಮೆಲ್ಲಗೆ ಅಂಗೈ ಎತ್ತಿದರು.

“ಹಾಗಾದ್ರೆ ಇವಳು ಯಾವ ಕ್ಲಾಸಿಗೆ, ಮಿಸ್?” ಫಹಮೀದಾ ಮೆತ್ತಗೆ ಕೇಳಿದಳು.

“ಮೇಲಿನ ಕ್ಲಾಸಿಗೇ ಓಗ್ಲಿ ಬಿಡಿ,” ಎಂದರು ಇಂದುಮತಿ.

ಅಂಗೈಗೆ ಗಾಳಿ ತಾಕಲಿಲ್ಲ.